ಒಬ್ಬರಿಗೆ ಒಂದೇ ಫ್ರೇಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರಿಗೂ ಹುಡುಕುವ ಕಷ್ಟ ಬೇಡ. ಮೇಷ್ಟ್ರ ಕ್ಯಾಮೆರಾದ ಬೆನ್ನು ತೆರೆದವನು ನಾನು. ಅದೂ ಹಾಡಹಗಲಲ್ಲಿ, ಅಡುಗೆಮನೆಯ ಕಿಟಕಿಯ ಪಕ್ಕ ನಿಂತು, ನನ್ನಷ್ಟು ಚುರುಕು ಯಾರಿದ್ದಾರೆ ಎಂದುಕೊಂಡಿದ್ದ ಹೊತ್ತಿನಲ್ಲಿ.

ಇದು ಈಗ ನೆನಪಾಗಲು ಕಾರಣ ಒಂದು ಹಳೆಯ ಕೋಟು. ಚಳಿ ಶುರುವಾಯಿತೆಂದು ಮೊನ್ನೆ ಅದನ್ನು ಹೊರತೆಗೆದೆ. ಜೇಬಿನಲ್ಲಿ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಸಿಕ್ಕಿತು, ಹಿಂದೆ ಫಿಲ್ಮ್ ರೋಲು ಇಟ್ಟು ಮಾರುತ್ತಿದ್ದರಲ್ಲ, ಅಂಥದ್ದು. ಮುಚ್ಚಳ ತೆಗೆದರೆ ಲವಂಗ. ಲವಂಗದ ಘಾಟಿನ ಅಡಿಯಲ್ಲಿ ಒಂಚೂರು ಫಿಲ್ಮಿನ ವಾಸನೆ... ಖಾಲಿ ಡಬ್ಬಿಗಳಲ್ಲಿ ಲವಂಗ ತುಂಬಿಟ್ಟುಕೊಂಡು ಕೆಮ್ಮಿದವರಿಗೆಲ್ಲ ಕೊಡುವುದು ಮೇಷ್ಟ್ರ ಅಭ್ಯಾಸವಾಗಿತ್ತು. ಕೊರೋನಾದ ಮೊದಲ ವರ್ಷ ಅದು. ಕೊಡುವುದು ಎಂದರೆ ಒಂದೂವರೆ ಮೀಟರ್ ದೂರದಿಂದ ಎಸೆಯುವುದು. ಕ್ಯಾಚ್ ಹಿಡಿಯುವುದು ನಮ್ಮ ಹಣೆಬರಹ.

ಆಗ ನಾನು ನೆದರ್ಲೆಂಡ್ಸಿನ ಆಲ್ಮೆರೆ ಎಂಬ ಊರಿನಲ್ಲಿ ಮೈಸೂರಿನವರ ಮನೆಯೊಂದರ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು ಅಕ್ಕ ಎನ್ನುತ್ತಿದ್ದೆ. ಮೇಷ್ಟ್ರು ಅವರ ತಂದೆ. ಮೊಮ್ಮಗಳನ್ನು ನೋಡಲು ಮೂರು ತಿಂಗಳಿಗೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ನಾನು ಹೋಫ್‌ಡಾರ್ಪ್ ಊರಿನ ಶಾಲೆಯೊಂದಕ್ಕೆ ಅಟ್ಟದಿಂದಲೇ ಲ್ಯಾಪ್‌ಟಾಪಿನಲ್ಲಿ ಗಣಿತ ಹೇಳುತ್ತಿದ್ದ ಪರದೇಶಿ ಮೇಷ್ಟ್ರು. ಕೆಳಗೆ ಅವರು, ಜಪಾನಿನ ಕೋಬೆಯಲ್ಲಿ ಹದಿನೆಂಟು ವರ್ಷ ಗಣಿತ ಹೇಳಿ ನಿವೃತ್ತರಾದ ಪರದೇಶಿ ಮೇಷ್ಟ್ರು. ವ್ಯತ್ಯಾಸ ಇಷ್ಟೇ: ಅವರ ಮಕ್ಕಳು ಪಾಠ ಕೇಳಿದ್ದರು.

ನನಗೊಂದು ಚಟವಿದೆ. ಯಾರನ್ನು ಕಂಡರೂ ಅಣಕಿಸುವುದು. ರೈಲಿನಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸು, ಮೀಟಿಂಗಿನಲ್ಲಿ "ಕೇಳಿಸ್ತಾ ಇದೆಯಾ? ಕೇಳಿಸ್ತಾ ಇದೆಯಾ?" ಎಂದು ಕೂಗುವ ಅಕ್ಕನ ಗಂಡ, ಅಂದರೆ ನನ್ನ ಪಾಲಿನ ಭಾವ, ಅಂಗಡಿಯಲ್ಲಿ ಡಚ್ ಮಾತಾಡಲು ಹೋಗಿ ಬೆವರುವ ನಾನು, ಎಲ್ಲರೂ ನನ್ನ ಪಟ್ಟಿಯಲ್ಲಿದ್ದರು. ಮೇಷ್ಟ್ರು ಬಂದ ಎರಡೇ ದಿನಕ್ಕೆ ಅವರೂ ಸೇರಿದರು. ಅಣಕಿಸಲು ಹೇಳಿ ಮಾಡಿಸಿದ ಮನುಷ್ಯ. ಕುತ್ತಿಗೆಗೆ ಹಳೆಯ ಕ್ಯಾಮೆರಾ, ಎದುರು ಬಂದವರಿಗೆ ಸೊಂಟದಿಂದ ಬಗ್ಗಿ ನಮಸ್ಕಾರ, ಒಂದು ಬೆರಳೆತ್ತಿ "ಒಂದೇ... ಒಂದೇ ಒಂದು" ಎಂದು ವಿನಂತಿ, ಒಂದು ಕ್ಲಿಕ್, ಮತ್ತೆ ನಮಸ್ಕಾರ.

ಇದೆಲ್ಲ ಕೋಬೆಯಲ್ಲಿ ಕಲಿತದ್ದಂತೆ. ಮೊದಲ ವರ್ಷ ಅವರಿಗೆ ಅಲ್ಲಿನ ಭಾಷೆ ಬರುತ್ತಿರಲಿಲ್ಲ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬೀಜಗಣಿತ, ಗೇಟು ದಾಟಿದರೆ ಮೂಕ. ಹಾಗಾಗಿ ಕ್ಯಾಮೆರಾ ಕೊಂಡರು. ದಿನಾ ಒಂದೇ ದಾರಿಯಲ್ಲಿ ಮನೆಗೆ ನಡೆಯುತ್ತ ಕೇಳಿ ಕೇಳಿ ತೆಗೆದರು: ತೋಫು ಮಾರುವ ಮುದುಕ, ಸಿಗ್ನಲ್ಲಿಗೆ ಬೆರಳು ತೋರಿಸಿ ತನಗೆ ತಾನೇ ಜೋರಾಗಿ ವರದಿ ಒಪ್ಪಿಸಿಕೊಳ್ಳುವ ರೈಲಿನ ಗಾರ್ಡು, ತಮ್ಮ ತರಗತಿಯನ್ನು ತಾವೇ ಗುಡಿಸುವ ಮಕ್ಕಳು. ಕೇಳದೆ ತೆಗೆಯುವಂತಿಲ್ಲ. ಒಬ್ಬರಿಗೆ ಒಂದೇ ಫ್ರೇಮು. ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೇ ಕೊಡಬೇಕು.

"ಇನ್ನೊಂದು ತೆಗೆದರೆ ಗಂಟೇನ್ ಹೋಗುತ್ತೆ ಸರ್?" ಎಂದು ನಾನೊಮ್ಮೆ ಕೇಳಿದ್ದೆ. ನನ್ನ ಫೋನಿನಲ್ಲಿ ಒಂದೇ ಇಡ್ಲಿಯ ನಲವತ್ತು ಫೋಟೋಗಳಿದ್ದವು.

"ಎರಡನೇದು ತೆಗೆದ್ರೆ ಮೊದಲನೇದನ್ನ ನಾನು ನಂಬಲಿಲ್ಲ ಅಂತ ಆಗುತ್ತಯ್ಯ. ಎದುರಿಗೆ ನಿಂತವರಿಗೆ ಅದು ಗೊತ್ತಾಗುತ್ತೆ."

ಊರಿಗೆ ಮರಳುವ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿದಾಗ ಅವರು ನಮ್ಮ ಬೀದಿಯ ಹದಿನಾಲ್ಕು ಮನೆಯವರ ಫೋಟೋ ತೆಗೆದುಕೊಟ್ಟೇ ಹೊರಡುತ್ತೇನೆಂದು ಹಟ ಹಿಡಿದರು. ಹದಿಮೂರು ಮನೆ ಸಲೀಸಾಗಿ ಆಯಿತು. ಮಕ್ಕಳು, ನಾಯಿಗಳು, ತಾವೇ ಕೂದಲು ಕತ್ತರಿಸಿಕೊಂಡು ಕೆಡಿಸಿಕೊಂಡ ಗಂಡಸರು, ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಂತರು. ಮೂಲೆಮನೆಯ ಡಚ್ ಅಜ್ಜಿ ಮಾತ್ರ ಒಪ್ಪಲಿಲ್ಲ. "ನನ್ನ ಮುಖ ನಂಗೊತ್ತು, ಬೇರೆಯವರಿಗೆ ಯಾಕೆ?" ಎಂದರು. ಮೇಷ್ಟ್ರು ಬಗ್ಗಿ ನಮಸ್ಕರಿಸಿ ವಾಪಸಾದರು. ಮುಂದಿನ ಶುಕ್ರವಾರ ಮತ್ತೆ ಹೋದರು. ಹೀಗೆ ಆರು ಶುಕ್ರವಾರ. ಏಳನೆಯದು ಮೇಷ್ಟ್ರು ಹೊರಡುವುದಕ್ಕೆ ಎರಡು ದಿನ ಮೊದಲು ಬಂತು. ಅಜ್ಜಿ ನಿಟ್ಟುಸಿರು ಬಿಟ್ಟು, "ಬೇಗ ಮುಗಿಸಿ, ಒಲೆಯಲ್ಲಿ ಕೇಕಿದೆ" ಎಂದು ಬಾಗಿಲಲ್ಲಿ ನಿಂತರು. ಒಂದು ಕ್ಲಿಕ್. ಮೇಷ್ಟ್ರು ಲಾಟರಿ ಹೊಡೆದವರಂತೆ ಮನೆಗೆ ಬಂದು, ಕ್ಯಾಮೆರಾವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು.

ನಾನು ಕೆಳಗಿಳಿದು ಬಂದೆ. ಎಂಟು ವರ್ಷದ ಮೊಮ್ಮಗಳು ಅಲ್ಲೇ ಇದ್ದಳು. ನೋಡುವವರು ಒಬ್ಬರಿದ್ದರೆ ನನಗೆ ಸಾಕು. ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡೆ, ಬಗ್ಗಿದೆ, ಬೆರಳೆತ್ತಿ "ಒಂದೇ ಒಂದು" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೈ ಚಾಚಿ, "ಎಲ್ಲಿ, ಶೋ ಮಿ! ತಾತ ತೆಗೆದಿರೋದು ಶೋ ಮಿ!" ಎಂದಳು. ಫೋಟೋ ಎಂದಮೇಲೆ ಎಲ್ಲೋ ಕಾಣಲೇಬೇಕಲ್ಲ? ಮೇಲಿನ ಗುಂಡಿ ಎಳೆದೆ. ಬೆನ್ನು ಟಕ್ಕನೆ ತೆರೆದುಕೊಂಡಿತು. ಒಳಗೆ ಬೂದುಬಣ್ಣದ ಪಟ್ಟಿ, ಅದರ ಮೇಲೆ ಬಿಸಿಲು.

"ದೇರ್ ಇಸ್ ನಥಿಂಗ್," ಎಂದಳು ಹುಡುಗಿ.

ಅವಳು ಹೇಳಿದ್ದು ನಿಜವೆಂದು ಅಂತರ್ಜಾಲದಲ್ಲಿ ಓದಿದ ಮೇಲೆ ತಿಳಿಯಿತು. ತೊಳೆಯದ ಫಿಲ್ಮಿಗೆ ಬೆಳಕು ಬಿದ್ದರೆ ಚಿತ್ರ ಅಳಿಸಿಹೋಗುತ್ತದೆ, ಬೆನ್ನು ತೆರೆದರೆ ಕೊನೆಗೆ ತೆಗೆದ ಫೋಟೋಗೇ ಮೊದಲ ಏಟು. ಅಂದರೆ ಅಜ್ಜಿಗೆ.

ತಪ್ಪು ಒಪ್ಪಿಕೊಳ್ಳುವವರು ಬೇರೆ. ನಾನು ಸರಿಪಡಿಸಲು ಹೊರಟವನು! ಇಲ್ಲಿಯವರು ಬೀದಿಕಡೆಯ ಕಿಟಕಿಗೆ ಪರದೆ ಎಳೆಯುವುದಿಲ್ಲ. ಸಂಜೆ ಅಜ್ಜಿ ಕಿಟಕಿಯ ಬಳಿ ಕುಳಿತು ಪಜಲ್ ಆಟದ ಚಿತ್ರದ ಚೂರುಗಳನ್ನು ಜೋಡಿಸುತ್ತಿದ್ದರು. ನಾನು ಶೂ ಲೇಸು ಕಟ್ಟುವವನಂತೆ ಬಗ್ಗಿ, ಅವರ ಫೋಟೋ ತೆಗೆಯಲು ಫೋನು ಗುರಿಯಿಟ್ಟೆ. ಬಾಗಿಲು ತೆರೆಯಿತು.

"ಪರದೆ ಸರಿಸಿರೋದು ಬೆಳಕು ಬರಲಿ ಅಂತ, ನೀನು ಬರಲಿ ಅಂತಲ್ಲ," ಎಂದರು ಅಜ್ಜಿ.

ನಾನು ಹರುಕು ಡಚ್ಚಿನಲ್ಲಿ ಎಲ್ಲವನ್ನೂ ಕಕ್ಕಿದೆ. ಕೇಳಿ, "ಅವರಿಗೆ ಹೇಳಿದೆಯಾ?" ಎಂದರು. ಇಲ್ಲವೆಂದೆ. "ಹಾಗಾದ್ರೆ ತಪ್ಪು ಮನೆಗೆ ಬಂದಿದ್ದೀಯ" ಎಂದು ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಹೇಳಿದೆ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ಅಣಕಿಸಬಹುದಿತ್ತು. ಬಾತ್‌ರೂಮಿನ ದೀಪ ಆರಿಸಿ, ಬಾಗಿಲಿನ ಸಂದಿಗೆ ಟವೆಲ್ಲು ತುರುಕಿ ರೋಲನ್ನು ತೊಳೆದರು. ಹದಿಮೂರು ಮನೆಯವರು ಉಳಿದಿದ್ದರು, ಅಂಚಿನಿಂದ ಬೆಳಕು ನುಗ್ಗಿದ್ದಷ್ಟೇ. ಹದಿನಾಲ್ಕನೆಯ ಜಾಗ ಪೂರಾ ಕಪ್ಪು. ಅದನ್ನು ಬಹಳ ಹೊತ್ತು ಕಿಟಕಿಗೆ ಹಿಡಿದು ನೋಡಿದರು...

"ಇನ್ನೊಂದ್ ಸಲ ಕೇಳಿ ಸರ್, ಪ್ಲೀಸ್. ನಾನೂ ಬರ್ತೀನಿ."

"ಆರು ವಾರ ಕಾಯಿಸಿ ಒಂದು ಕೊಟ್ಟರು ಕಣೋ. ಅದನ್ನ ಕಳಕೊಂಡು ಇನ್ನೊಂದು ಕೊಡಿ ಅನ್ನೋಕೆ ನಂಗೆ ಮುಖ ಇಲ್ಲ."

ಶನಿವಾರ ಭಾವ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದುಕೊಟ್ಟರು. ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಮನೆ ಮನೆಗೆ ಹೋದರು. ಒಬ್ಬಾಕೆ ಫೋಟೋ ನೋಡಿ, "ಅಬ್ಬಾ, ಅಂಚಿನಲ್ಲಿ ಈ ಬೆಳಕು ಎಷ್ಟು ಚೆನ್ನಾಗಿದೆ! ಹೇಗೆ ಮಾಡಿದಿರಿ?" ಎಂದು ಕೇಳಿದಳು. ಮೇಷ್ಟ್ರು ನನ್ನತ್ತ ಕೈ ತೋರಿಸಿ, ಗಂಭೀರವಾಗಿ, "ಬೆಳಕಿನ ಇಲಾಖೆ ಇವರದು" ಎಂದರು. ಆ ದಿನ ಹದಿಮೂರು ಮನೆಯಲ್ಲೂ ನನಗೆ ಆ ಬಿರುದು ಸಿಕ್ಕಿತು. ಮೂಲೆಮನೆಯ ಮುಂದೆ ಮಾತ್ರ ಅವರು ತಲೆ ತಗ್ಗಿಸಿ ಬೇಗ ಬೇಗ ನಡೆದರು.

ಭಾನುವಾರ ಬೆಳಿಗ್ಗೆ ಕಾರಿಗೆ ಸಾಮಾನು ತುಂಬುತ್ತಿದ್ದೆವು. ಹೊಸ ರೋಲು ಹಾಕಿದ ಕ್ಯಾಮೆರಾ ಮೇಷ್ಟ್ರ ಕುತ್ತಿಗೆಯಲ್ಲೇ ಇತ್ತು. ಅಜ್ಜಿ ರಸ್ತೆ ದಾಟಿ ಬಂದರು. ಕೆಂಪು ಕೋಟು, ತುಟಿಗೆ ಬಣ್ಣ. ಒಂದೂವರೆ ಮೀಟರ್ ಅಳೆದಂತೆ ನಿಂತು, "ಎಲ್ಲರಿಗೂ ಸಿಕ್ಕಿದೆ. ನನ್ನದೆಲ್ಲಿ?" ಎಂದರು.

ಮೇಷ್ಟ್ರು ಬಗ್ಗಿದರು. ನನ್ನ ಕಡೆ ನೋಡಲೂ ಇಲ್ಲ. "ನನ್ನ ಅಜಾಗರೂಕತೆ. ಕೆಟ್ಟುಹೋಯ್ತು, ಕ್ಷಮಿಸಿ. ಒಬ್ಬರಿಗೆ ಒಂದೇ ಫ್ರೇಮು ಅನ್ನೋದು ನನ್ನ ನಿಯಮ. ಇನ್ನೊಂದು ಬೇಡ."

ಮೇಷ್ಟ್ರು ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡರು. ಅಕ್ಕ ಫೋನಿನಲ್ಲಿ ಹೇಳಿದರು. ಅವರ ಅಣಕ ಈಗಲೂ ಮಾಡುತ್ತೇನೆ, ಆದರೆ ಅಕ್ಕನ ಮನೆಯಲ್ಲಿ ಯಾರೂ ನಗುವುದಿಲ್ಲ. ತುಂಬ ಚೆನ್ನಾಗಿ ಬರುತ್ತದೆ, ಅದೇ ತೊಂದರೆ... ಸುದ್ದಿ ತಿಳಿಸಲು ಮೂಲೆಮನೆಗೆ ನಾನೇ ಹೋಗಿದ್ದೆ. ಅಜ್ಜಿ ಗೋಡೆಯತ್ತ ನೋಡಿದರು. ಅಲ್ಲಿ ಅವರ ಫೋಟೋ ಇದೆ: ಕೆಂಪು ಕೋಟು, ಒಂದು ಕೈ ಸೊಂಟದ ಮೇಲೆ, ಬಾಯಿ ಅರ್ಧ ತೆರೆದಿದೆ. ಮಾತು ಮುಗಿಯುವುದರೊಳಗೆ ಮೇಷ್ಟ್ರು ಕ್ಲಿಕ್ಕಿಸಿದ್ದರು. ಆ ಬಾಯಿಂದ ಅವತ್ತು ಬಂದ ಮಾತನ್ನು ಒಂದಕ್ಷರ ಕೂಡಿಸದೆ ಬರೆಯುತ್ತಿದ್ದೇನೆ:

"ಆರು ಶುಕ್ರವಾರ ನಾನು ಬೇಡ ಅಂದೆ, ನೀವು ಒಪ್ಪಿಕೊಂಡ್ರಾ? ಈಗ ನೀವು ಬೇಡ ಅಂದ್ರೆ ನಾನ್ಯಾಕೆ ಒಪ್ಪಲಿ? ತೆಗೀರಿ!"