ಗೆರೆ ಬಿಟ್ಟ ಚುಕ್ಕೆ

ನಿಪ್ಪಾಣಿಯ ಕಾಲೇಜೊಂದರ ಲ್ಯಾಬ್ ಅಟೆಂಡರ್ ಮುರಗೆಪ್ಪನಿಗೆ ಎಂಬತ್ತೇಳನೇ ಇಸವಿಯಿಂದ ಒಂದು ಬಾಕಿ ಬರಬೇಕಿದೆ: ಕೆಮಿಸ್ಟ್ರಿ ಕಲಿಸುವ ಉಪಾಧ್ಯೆ ಸರ್ ಅವರ ಪಿಎಚ್.ಡಿ. ಪ್ರಬಂಧದಲ್ಲಿ ತನ್ನ ಹೆಸರು. ಪರ್ಮ್ಯಾಂಗನೇಟ್ ಆಲ್ಕೋಹಾಲನ್ನು ಆಕ್ಸಿಡೈಸ್ ಮಾಡುವ ವೇಗ ತಿಳಿಯಲು ಐದೈದು ನಿಮಿಷಕ್ಕೊಮ್ಮೆ ದ್ರಾವಣ ಹೀರಿ ಅಳೆದವನು ಇವನು. ಡಾಕ್ಟರ್ ಆದವರು ಅವರು. ಅಂದಿನಿಂದ ಇವನ ಹೊಟ್ಟೆ ಉರಿಯುತ್ತಲೇ ಇದೆ. ಯಾರಾದರೂ ಸರ್‌ಗೆ ‘ಡಾಕ್ಟರ್ ಸಾಹೇಬ್ರ’ ಎಂದರೆ ಸಾಕು, ಇವನಿಗೆ ಕೆಮ್ಮು ಬರುತ್ತದೆ. ಮನೆಯಲ್ಲಿ ಹೆಚ್ಚಿಟ್ಟ ಬದನೆಕಾಯಿ ಕಪ್ಪಾದರೂ ಗಡಿಯಾರ ನೋಡುತ್ತಾನೆ. “ಏಳು ನಿಮಿಷ ಆತು, ಆಕ್ಸಿಡೇಶನ್ ಚಾಲೂ ಐತಿ, ನೀರಾಗ ಹಾಕ ಬೇ!” ಎಂದರೆ ಹೆಂಡತಿ ಕಸ್ತೂರೆವ್ವ, “ಬದನಿಕಾಯಿ ಇರ್ಲಿ, ಮೊದಲ ನಿಮ್ಮ ಹೊಟ್ಟಿಗೆ ನೀರ ಹಾಕ್ಕೋರಿ” ಎನ್ನುತ್ತಾಳೆ. ಆದರೂ ಲೈಬ್ರರಿಯಲ್ಲಿ ಆ ಪ್ರಬಂಧದ ಧೂಳು ಒರೆಸುವವನು ಇವನೊಬ್ಬನೇ. ಒರೆಸಿ, ಪ್ರತಿ ಸಲ ಒಂದೇ ಪುಟ ತೆರೆಯುತ್ತಾನೆ. ಆರು ದಿನದ ಪ್ರಯೋಗಕ್ಕೆ ಅಲ್ಲಿನ ಗ್ರಾಫಿನಲ್ಲಿ ಆರು ಚುಕ್ಕೆಗಳಿವೆ. ಐದು ಗೆರೆಯ ಮೇಲೆ ಶಿಸ್ತಾಗಿ ಕೂತಿವೆ, ಆರನೆಯದು ದೂರ ಬಿದ್ದಿದೆ. ಹೆಂಡತಿಯ ಹೆರಿಗೆಗೆಂದು ಇವನು ಅವಳ ತವರು ಸದಲಗಾಕ್ಕೆ ಹೋಗಿದ್ದ ದಿನ ಸರ್ ತಾವೇ ಅಳೆದ ಚುಕ್ಕೆ ಅದು. ಅದರ ಮೇಲೆ ಬೆರಳಿಟ್ಟು, “ಬರ್ರಿ ಡಾಕ್ಟರ್ ಸಾಹೇಬ್ರ” ಎಂದು ಮೆಲ್ಲಗೆ ನಗುತ್ತಾನೆ. ಆಮೇಲೆ ಉಳಿದ ಐದನ್ನು ಒಂದೊಂದಾಗಿ ಸವರುತ್ತಾನೆ. ಡಿಗ್ರಿ ಪಡೆದು ಇದನ್ನು ಓದುತ್ತಿರುವವರೇ, ನಿಮ್ಮ ಗೆರೆ ನೆಟ್ಟಗಾಗುವಂತೆ ದುಡಿದವನ ಹೆಸರು ಯಾವ ಪುಟದಲ್ಲಿದೆ, ತೋರಿಸಿ.