ಮುತ್ಯಾ ಕುರಿಗಳ ಹಿಂದೆ ಹೋದದ್ದು

ಬಿಗಿಯಾಗಿ ಎಳೆದು ಕಟ್ಟಿದ ಮುಳ್ಳುತಂತಿಯನ್ನು ಕತ್ತರಿಸಿದರೆ ಒಂದು ಸದ್ದು ಬರುತ್ತದೆ. ಮೊದಲು ಟಣ್ ಎಂದು ಚಿಕ್ಕದಾಗಿ, ಆಮೇಲೆ ತುಂಡಾದ ತುದಿಗಳು ಸುರುಳಿ ಸುತ್ತಿಕೊಂಡು ಹಿಂದೆ ಸರಿಯುವ ಸರಸರ. ಕಳೆದ ಭಾನುವಾರ ಮಧ್ಯಾಹ್ನ ಮರಾಠಿ ಸೀಮೆಯ ಚಿಂಚವಾಡದ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಆ ಸದ್ದು ಕೇಳಿ ನನ್ನ ಕೈ ನಿಂತಿತು. ಹೊರಕೋಣೆಯಲ್ಲಿ ಮಗಳು ಟಿವಿಯಲ್ಲಿ ಯಾವುದೋ ಹಳೆಯ ಇಂಗ್ಲಿಷ್ ಸಿನಿಮಾ ಹಾಕಿಕೊಂಡಿದ್ದಳು. ದೊಡ್ಡ ಟೋಪಿಗಳು, ಕುದುರೆಗಳು, ಕಣ್ಣು ಹಾಯುವಷ್ಟು ದೂರ ದನದ ಹಿಂಡು, ನಡುವೆ ಒಂದು ಬೇಲಿ. ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. "ಯಾಕವ್ವಾ, ಇದನ್ನ ಮೊದಲೇ ನೋಡಿಯೇನು?" ಅಂದಳು. "ನೋಡೇನಿ, ಪರದೆ ಹಿಂದ ಕೂತು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಆ ಹೊತ್ತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬಾಲ್ಯದ ಮನೆಯೊಂದನ್ನು ಕಳೆದುಕೊಂಡವರಿಗೆ ಇದು ಗೊತ್ತಿರುತ್ತದೆ. ಎಲ್ಲೋ ಒಂದು ಸದ್ದಾದರೆ ಸಾಕು, ಇಡೀ ಮನೆ ತನ್ನ ಒಳ್ಳೆಯದು ಕೆಟ್ಟದ್ದರ ಸಮೇತ ಎದ್ದು ಬಂದು ಎದುರಿಗೆ ನಿಲ್ಲುತ್ತದೆ.

ಚಾಕಣಕ್ಕೆ ಹೋಗುವ ರಸ್ತೆಯಿಂದ ಒಳಗೆ, ಆಗಿನ್ನೂ ಕಾರ್ಖಾನೆಗಳು ಬಾರದಿದ್ದ ಕಡೆ, ತಗಡಿನ ಮನೆಗಳ ಒಂದು ಸಾಲಿತ್ತು. ಯಾದಗಿರಿ ಕಡೆಯಿಂದ ಕಟ್ಟಡದ ಗೌಂಡಿ ಕೆಲಸಕ್ಕೆ ಬಂದವರೆಲ್ಲ ಅಲ್ಲಿದ್ದೆವು. ನಮ್ಮದು ಕೊನೆಯ ಮನೆ. ಅಪ್ಪ ಮಾಳಪ್ಪ, ಅವ್ವ, ನಾನು, ಮತ್ತು ಅಪ್ಪನ ಅಪ್ಪ, ನಿಂಗಪ್ಪ ಮುತ್ಯಾ. ಮುಂಜಾನೆ ಅವ್ವ ರೊಟ್ಟಿ ಬಡಿಯುವ ಸದ್ದಿಗೆ ತಗಡು ಸಣ್ಣಗೆ ಗುಂಯ್‌ಗುಡುತ್ತಿತ್ತು. ನಾನು ಮಲಗುತ್ತಿದ್ದುದು ಮುತ್ಯಾನ ಕಂಬಳಿಯೊಳಗೆ. ಅದಕ್ಕೆ ಉಣ್ಣೆಯ, ತಂಬಾಕಿನ, ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ. ಮುತ್ಯಾ ಹುಟ್ಟಿದಾಗಿನಿಂದ ಕುರಿ ಕಾದವನು. ಮೊಣಕಾಲು ಸೋತ ಮೇಲೆ ಹಿಂಡನ್ನು ಮಾರಿ ಮಗನ ಹತ್ತಿರ ಬಂದಿದ್ದ. ಊರಲ್ಲಿ ಬಿಟ್ಟು ಬಂದದ್ದರ ಬಗ್ಗೆ ಎಂದೂ ಮಾತಾಡಿದವನಲ್ಲ. ಆದರೆ ದೀಪಾವಳಿ ಸಮೀಪಿಸಿದಂತೆ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮ ಮನೆಯ ಹಿಂದೆ ದೊಡ್ಡ ಬಯಲಿತ್ತು, ಬಯಲಿನ ತಗ್ಗಿನಲ್ಲಿ ಬೇಸಿಗೆಯವರೆಗೂ ನೀರು ನಿಲ್ಲುವ ಹೊಂಡ. ಕೊಂಕಣಕ್ಕೆ ಇಳಿಯುವ ಧನಗರ ಕುರುಬರು ಪ್ರತಿವರ್ಷ ಅಲ್ಲಿ ಬಿಡಾರ ಹೂಡುತ್ತಿದ್ದರು. ಅವರ ಹಿರಿಯ ಧೋಂಡಿಬಾ. ಮುತ್ಯಾನಿಗೆ ಮರಾಠಿ ಅಷ್ಟಕ್ಕಷ್ಟೆ, ಧೋಂಡಿಬಾನಿಗೆ ಕನ್ನಡವೇ ಇಲ್ಲ. ನಿಮ್ಮ ಬಿರೋಬಾ ನಮ್ಮ ಬೀರಪ್ಪ ಇಬ್ಬರೂ ಒಬ್ಬನೇ ದೇವರು ಅನ್ನುವುದೊಂದು ತಿಳಿದಿತ್ತು, ಅದರ ಮೇಲೆಯೇ ಅವರ ಸಂಜೆಗಳು ಸಾಗುತ್ತಿದ್ದವು. ಮುತ್ಯಾ ಹೊಸ ಮರಿಗಳನ್ನು ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ಬಯಲನ್ನು ಒಬ್ಬ ಶೇಟ್ ಕೊಂಡ. ಪ್ಲಾಟು ಮಾಡಿ ಮಾರುವವನಿದ್ದ. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವ ಕೆಲಸ ಅಪ್ಪನಿಗೆ ಬಂತು. ಕೆಲಸ ನೋಡಿ ಮೆಚ್ಚಿ, ಕಾವಲಿಗೂ ನೀನೇ ಇರು, ಮೂಲೆಯಲ್ಲಿ ಇಟ್ಟಿಗೆಯ ಮನೆ ಕಟ್ಟಿಸಿಕೊಡುತ್ತೇನೆ ಎಂದು ಶೇಟ್ ಹೇಳಿದ. ಸಿಮೆಂಟಿನ ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿದ್ದ ಅಪ್ಪನಿಗೆ ಖಾಕಿ ಅಂಗಿ, ಸೀಟಿ, ಒಂದು ಲಾಠಿ ಸಿಕ್ಕವು. ಅವ್ವ ಅಂಗಿಗೆ ಗಂಜಿ ಹಾಕಿ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿದಳು. ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಗಣಪತಿ ಹಬ್ಬಕ್ಕೆ ಮಂಡಳದವರು ಸಿನಿಮಾ ತಂದದ್ದು ಆಗಲೇ. ಹಿಂದಿ ಸಿನಿಮಾದ ರೀಲು ಸಿಗದೆ, ಇದ್ದುದರಲ್ಲಿ ಒಂದು ಇಂಗ್ಲಿಷ್ ಕುದುರೆ ಸಿನಿಮಾ ಹಿಡಿದು ತಂದಿದ್ದರು. ಎರಡು ಬಿದಿರಿನ ನಡುವೆ ಬಿಳಿ ಬಟ್ಟೆ ಕಟ್ಟಿದ್ದರು. ಮುಂದಿನ ಜಾಗ ಮರಾಠಿಯವರಿಗೆ ಹೋಗಿ, ನಮ್ಮ ಸಾಲಿನವರಿಗೆ ಪರದೆಯ ಹಿಂಬದಿ ಸಿಕ್ಕಿತು. ಹಿಂದಿನಿಂದ ನೋಡಿದ್ದರಿಂದ ಆ ಸಿನಿಮಾದವರೆಲ್ಲ ಎಡಗೈಯಲ್ಲೇ ಗುಂಡು ಹಾರಿಸಿದರು, ಎಡಗೈಯಲ್ಲೇ ಉಂಡರು. ಭಾಷೆ ಯಾರಿಗೂ ಬಾರದು. ಪಿಂಪ್ರಿಯಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ ಹಣಮಂತ ಕಾಕಾ ಎದ್ದು ನಿಂತು ತಾನೇ ಕಥೆ ಹೇಳತೊಡಗಿದ. "ನೋಡ್ರಿ, ಇವ ಗೌಡ. ಆ ಕಡೀ ಗುಡ್ಡದ ತನಕ ಇವನ ದನಾನ ಮೇಯ್ತಾವ. ಇವರು ಬಡವರು, ಬಂಡಿ ಕಟ್ಕೊಂಡು ಬಂದಾರ, ಹೊಳಿ ದಂಡಿಗೆ ಮನಿ ಕಟ್ಟಿ ತಂತಿ ಎಳದಾರ." ದನಗಳು ನೀರಿಗೆ ಬಂದವು. ಗೌಡನ ಆಳುಗಳು ತಂತಿ ಕತ್ತರಿಸಿದರು. ಮನೆಗಳಿಗೆ ಬೆಂಕಿ ಬಿತ್ತು. ಕೊನೆಗೆ ಬೇಲಿಯವರೆಲ್ಲ ಒಂದಾಗಿ ಬಂದೂಕು ಹಿಡಿದರು, ಗೌಡ ಕುದುರೆಯಿಂದ ಧೂಳಿಗೆ ಬಿದ್ದ, ನಾವೆಲ್ಲ ಸೀಟಿ ಹೊಡೆದೆವು. ಅಪ್ಪ ನನ್ನನ್ನು ಹೆಗಲ ಮೇಲೆತ್ತಿಕೊಂಡು, "ನೋಡಿದ್ಯೇನವಾ, ತಂತಿ ಹಾಕಿದವರಽ ಗೆದ್ದರು" ಅಂದ. ಅವನ ಮೈಯಿಂದ ಗಂಜಿಯ ವಾಸನೆ ಬರುತ್ತಿತ್ತು. ಅಷ್ಟು ಖುಷಿಯಲ್ಲಿ ಅವನನ್ನು ನಾನು ಮತ್ತೆ ಎಂದೂ ಕಾಣಲಿಲ್ಲ.

ಎಲ್ಲರೂ ಏಳುವಾಗ ಮುತ್ಯಾ ಮಾತ್ರ ಕೂತೇ ಇದ್ದ. "ಹಣಮ್ಯಾ, ಆ ದನ ಆಮ್ಯಾಲೆ ನೀರು ಎಲ್ಲಿ ಕುಡದವೋ?" ಎಂದು ಕೇಳಿದ. "ಅದನ್ನ ತೋರಿಸಲಿಲ್ಲ ಮುತ್ಯಾ" ಎಂದು ಹಣಮಂತ ಕಾಕಾ ನಕ್ಕ.

ದೀಪಾವಳಿ ಕಳೆದ ಮೇಲೆ ಧನಗರರು ಬಂದರು. ಆ ಸಲ ಹಿಂಗಾರು ಕೈಕೊಟ್ಟಿತ್ತು, ದಾರಿಯ ಹಳ್ಳಗಳೆಲ್ಲ ಒಣಗಿದ್ದವು. ಕುರಿಗಳು ನೀರಿನ ವಾಸನೆ ಹಿಡಿದು ಓಡಿಬಂದು ತಂತಿಗೆ ಒತ್ತಿಕೊಂಡು ನಿಂತವು. ಮುಳ್ಳಿಗೆಲ್ಲ ಉಣ್ಣೆ ಸಿಕ್ಕಿಕೊಂಡಿತ್ತು. ಧೋಂಡಿಬಾ ಕೈಮುಗಿದು, ಒಂದು ಹೊತ್ತು ಗೇಟು ತೆಗೆ, ನೀರು ಕುಡಿಸಿ ಹೊರಟುಬಿಡುತ್ತೇವೆ ಎಂದು ಕೇಳಿದ. ಅಪ್ಪ ಅವನ ಮುಖ ನೋಡದೆ, ಮಾಲಕರು ಬೈತಾರೆ ಎಂದಷ್ಟೇ ಹೇಳುತ್ತಿದ್ದ. ಅಪ್ಪನದೂ ತಪ್ಪೆನ್ನಲಾರೆ, ಇಟ್ಟಿಗೆ ಮನೆಯ ಗೋಡೆ ಆಗಷ್ಟೇ ಸೊಂಟದವರೆಗೆ ಎದ್ದಿತ್ತು. ನಾನು ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮುತ್ಯಾ ಬಂದ. ಅಪ್ಪನ ಚೀಲದಿಂದ ಇಕ್ಕಳ ತೆಗೆದುಕೊಂಡು ಕಂಬದ ಹತ್ತಿರ ಹೋಗಿ ಕೂತು, ಕೆಳಗಿನ ತಂತಿಯಿಂದ ಶುರುಮಾಡಿದ. "ಯಪ್ಪಾ, ಬ್ಯಾಡ! ಕೈ ಮುಗೀತೀನಿ, ಬ್ಯಾಡ!" ಎಂದು ಅಪ್ಪ ಓಡುವಷ್ಟರಲ್ಲಿ ಬೇಲಿ ಬಾಯಿಬಿಟ್ಟಿತ್ತು. ಕುರಿಗಳು ಹೊಂಡದ ಸುತ್ತ ಮೊಣಕಾಲೂರಿ ಕುಡಿಯತೊಡಗಿದವು. ಅಷ್ಟೊಂದು ಬಾಯಿಗಳು ಒಟ್ಟಿಗೆ ನೀರು ಹೀರುವ ಸದ್ದು ಬಿಟ್ಟರೆ ಬಯಲಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಆಗ ಶೇಟ್‌ನ ಜೀಪು ಬಂತು. ಅವನು ಇಳಿದು ತುಂಡಾದ ತಂತಿ ನೋಡಿದ, ಇಕ್ಕಳ ಹಿಡಿದು ನಿಂತ ಮುತ್ಯಾನನ್ನು ನೋಡಿದ. ಈ ಮುದುಕ ಯಾರು ಎಂದು ಮರಾಠಿಯಲ್ಲಿ ಅಪ್ಪನನ್ನು ಕೇಳಿದ. ಅಪ್ಪ "ಮಾಹೀತ ನಾಹೀ ಸಾಹೇಬ" ಅಂದ. ಗೊತ್ತಿಲ್ಲ ಸಾಹೇಬರೇ, ಯಾರೋ ಧನಗರ ಇರಬೇಕು.

ಮುತ್ಯಾ ಮಗನ ಕಡೆ ನೋಡಲೂ ಇಲ್ಲ. ಶೇಟ್‌ಗೆ ಕೈಮುಗಿದು ತನ್ನ ಹರಕು ಮರಾಠಿಯಲ್ಲಿ, ಹೌದು ಮಾಲಕ, ನಾನು ಇವರವನೇ, ತಪ್ಪಾಯಿತು ಅಂದ. ಇಕ್ಕಳವನ್ನು ಕಂಬದ ಬುಡದಲ್ಲಿಟ್ಟ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ನಾಲಿಗೆಯಿಂದ ಟಕ್ ಟಕ್ ಎಂದು ಕುರಿಗಳನ್ನು ಎಬ್ಬಿಸಿ, ಧೋಂಡಿಬಾನ ಜೊತೆ ನಡೆದುಬಿಟ್ಟ. ನಾನು "ಮುತ್ಯಾ" ಎಂದು ಬಾಯಿ ತೆರೆದೆ. ಅಪ್ಪನ ಕೈ ನನ್ನ ಭುಜವನ್ನು ಹಿಡಿಯಿತು.

ಸಂಜೆಗೆ ಬಂದಾನು ಎಂದುಕೊಂಡೆವು. ಬರಲಿಲ್ಲ. ಅವ್ವನಿಗೆ ನಡೆದದ್ದನ್ನು ಅಪ್ಪನೇ ಹೇಳಿದ. ಅವಳು ಮುತ್ಯಾನ ತಾಟನ್ನು ದಿನವೂ ತೊಳೆದು ಜಾಗದಲ್ಲಿಡುತ್ತಿದ್ದಳು. ಸಾಲಿನವರಿಗೆಲ್ಲ ವಿಷಯ ತಿಳಿದು, ಅಪ್ಪ ನಳದ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಶಾಲೆಗೆ ಹೋಗುವಾಗ ನಾನು ನಮ್ಮ ಬೇಲಿಯ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ.

ಕೊನೆಗೊಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಹುಡುಕುತ್ತ ಹೊರಟ. ಬಸ್ಸಿನಿಂದ ಬಸ್ಸಿಗೆ ಹತ್ತಿ, ಹಳ್ಳಿಹಳ್ಳಿಯಲ್ಲಿ ಕೇಳಿ, ಘಟ್ಟ ಇಳಿಯುವ ಅಂಚಿನ ಒಂದು ಕೊಯ್ದ ಗದ್ದೆಯಲ್ಲಿ ಬಿಡಾರ ಸಿಕ್ಕಿತು. ಪಾತ್ರೆ, ಕೋಳಿ, ಹಾಸಿಗೆ ಹೊರುವ ಗಿಡ್ಡ ಕುದುರೆಗಳು ಹುಲ್ಲು ಮೇಯುತ್ತಿದ್ದವು. ಮುತ್ಯಾ ಒಲೆಯ ಪಕ್ಕ ಕೂತು ಮರಿಯೊಂದರ ಗೊರಸಿನ ಮುಳ್ಳು ತೆಗೆಯುತ್ತಿದ್ದ. ಅಪ್ಪ ದೂರದಲ್ಲೇ ನಿಂತುಬಿಟ್ಟ. ಮುತ್ಯಾ ತಲೆ ಎತ್ತಿದ. ಮರಿಯನ್ನು ಇಳಿಸಿ, ಸೊಂಟ ಹಿಡಿದುಕೊಂಡು ಎದ್ದ. ಬಿಡಾರದ ಹೆಂಗಸರು, ಗಂಡಸರು ಎಲ್ಲರನ್ನೂ ಕೂಗಿ ಕರೆದು, ಅಪ್ಪನ ತೋಳು ಹಿಡಿದು ನಡುವೆ ನಿಲ್ಲಿಸಿ, "ಹಾ ಮಾಝಾ ಪೋರಗಾ" ಅಂದ. ಇವನು ನನ್ನ ಮಗ. ಎರಡು ಸಲ ಅಂದ, ಕೇಳಿಸದವರಿಗೆ ಕೇಳಿಸಲಿ ಎಂಬಂತೆ. ಅಲ್ಲಿದ್ದವರೆಲ್ಲ ಅಂದು ಬೇಲಿಯ ಹತ್ತಿರ ಇದ್ದವರೇ. ಧೋಂಡಿಬಾ ನಮಗಾಗಿ ತಾನೇ ನಾಚಿಕೊಂಡು ನೆಲ ನೋಡಿದ. ಮುತ್ಯಾನ ದನಿಯಲ್ಲಿ ಚುಚ್ಚುವಿಕೆ ಇತ್ತೇ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಇರಲಿಲ್ಲ. ಮಗ ಬಂದನೆಂಬ ಖುಷಿಯಷ್ಟೇ ಇತ್ತು. "ಉಂಡಿಯೇನೋ?" ಎಂದು ಕೇಳಿದ. ಅಪ್ಪ ಅಲ್ಲೇ ಕುಸಿದು ಕೂತು ಅಂಗೈಯಿಂದ ಮುಖ ಮುಚ್ಚಿಕೊಂಡ.

ಮಳೆ ಹಿಡಿಯುವ ಹೊತ್ತಿಗೆ ಮುತ್ಯಾ ಮನೆಗೆ ಮರಳಿದ. ಆ ದಿನದ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ಅಷ್ಟರಲ್ಲಿ ನಾವು ಸೇರಿದ್ದ ಇಟ್ಟಿಗೆಯ ಮನೆಯ ಒಳಗೆ ಮಾತ್ರ ಸೆಕೆ ಎಂದು ಮಲಗಲಿಲ್ಲ, ಚಳಿಗಾಲದಲ್ಲೂ ಕಟ್ಟೆಯ ಮೇಲೆಯೇ ಮಲಗಿ, ಅಲ್ಲೇ ಒಂದು ಬೆಳಗು ತೀರಿಕೊಂಡ. ಆಮೇಲೆ ಧನಗರರು ಬೇರೆ ದಾರಿ ಹಿಡಿದರು. ಹೊಂಡವನ್ನು ಮಣ್ಣು ಹಾಕಿ ಮುಚ್ಚಿದರು. ಮೊದಲ ಕಟ್ಟಡ ಎದ್ದು ವಾಸ್ತುಪೂಜೆಯಾದ ದಿನ ಶೇಟ್ ಎಲ್ಲರಿಗೂ ಪೇಡೆ ಹಂಚುತ್ತಿದ್ದ. ಅಪ್ಪ ಅವನ ಮುಂದೆ ಹೋಗಿ ನಿಂತು, ಸಾಹೇಬರೇ, ಆವತ್ತು ತಂತಿ ಕತ್ತರಿಸಿದನಲ್ಲ ಆ ಮುದುಕ, ಅವನು ನನ್ನ ಅಪ್ಪ, ನಾನು ಸುಳ್ಳು ಹೇಳಿದ್ದೆ ಅಂದ. ಅಷ್ಟು ವರ್ಷ ಎದೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು. ಶೇಟ್ ಪೇಡೆಯ ಡಬ್ಬಿ ಹಿಡಿದುಕೊಂಡೇ ಸ್ವಲ್ಪ ಯೋಚಿಸಿ, "ಕೋಣತಾ ಮ್ಹಾತಾರಾ?" ಎಂದು ಕೇಳಿದ. ಯಾವ ಮುದುಕ?

ಅಪ್ಪ ಮನೆಗೆ ಬಂದು ಖಾಕಿ ಅಂಗಿ ಬಿಚ್ಚಿ, ಮುತ್ಯಾ ಮಲಗುತ್ತಿದ್ದ ಕಟ್ಟೆಯ ಮೇಲೆ ಕತ್ತಲಾಗುವವರೆಗೂ ಕೂತಿದ್ದ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಇಟ್ಟಿಗೆಯ ಮನೆ ಇದ್ದಲ್ಲಿ ಕಾರುಗಳು ನಿಲ್ಲುತ್ತವೆ. ಆ ನಾಚಿಕೆಯನ್ನು ಹೊತ್ತವರಲ್ಲಿ ಉಳಿದವಳು ನಾನೊಬ್ಬಳೇ. ಇಳಿಸಿಬಿಡಬಹುದಿತ್ತು, ಕೇಳುವವರು ಯಾರೂ ಇಲ್ಲ. ಆದರೆ ಆ ಮನೆಯಿಂದ ನನ್ನ ಪಾಲಿಗೆ ಬಂದದ್ದು ಅದೊಂದೇ. ಅದನ್ನೂ ಇಳಿಸಿದರೆ, ನಮ್ಮ ಮುತ್ಯಾ ಯಾರೆಂದು ಬಲ್ಲವರು ಈ ಊರಿನಲ್ಲಿ ಯಾರೂ ಉಳಿಯುವುದಿಲ್ಲ.