ಅಜ್ಜನ ಬಾಯಲ್ಲಿ ಬಂದ ಟ್ರಿಂಗೆ

ಡ್ರಾಂಡೆಯ ಅಜ್ಜ ಪ್ರೆಕ್ ಪ್ರಾಣ ಬಿಡುವಾಗ ಹೆಂಡತಿಯ ಕೈ ಹಿಡಿದು "ಟ್ರಿಂಗೆ, ಟ್ರಿಂಗೆ" ಎಂದುಬಿಟ್ಟ. ಹೆಂಡತಿಯ ಹೆಸರು ಟೆರೆಜೆ. ಇನ್ನು ಕೇಳಬೇಕೆ! ಶ್ಕೋಡ್ರಾ ಪಟ್ಟಣದ ಆ ಬೀದಿಯಲ್ಲಿ ಸತ್ತವನಿಗೆ ಅತ್ತವರಿಗಿಂತ ಟ್ರಿಂಗೆ ಯಾರೆಂದು ಪಿಸುಗುಟ್ಟಿದವರೇ ಹೆಚ್ಚು. ಟೆರೆಜೆ ಅಜ್ಜಿ ಸಾಯುವ ತನಕ ಮುನಿಸು ಬಿಡಲಿಲ್ಲ. "ನನ್ನನ್ನ ಅವರ ಪಕ್ಕ ಮಣ್ಣು ಮಾಡಿದ್ರೆ ನೋಡಿ! ಆ ಟ್ರಿಂಗೆ ಮಲಗಲಿ ಅಲ್ಲಿ" ಎಂದು ಹಟ ಹಿಡಿದು ಸ್ಮಶಾನದ ಇನ್ನೊಂದು ಮೂಲೆ ಸೇರಿದಳು.

ಅಜ್ಜಿಯ ಕೈತುತ್ತು ತಿಂದು ಬೆಳೆದ ಡ್ರಾಂಡೆಗೆ ಇದೇ ಕೊರಗು. ಹೊಲಿಗೆ ಕೆಲಸ ಬಿಟ್ಟ ಮೇಲೆ, ಅಜ್ಜನ ಮೇಲಿನ ಅಪವಾದ ತೊಡೆದು ಇಬ್ಬರನ್ನೂ ಒಂದೆಡೆ ಸೇರಿಸಿಯೇ ತೀರುತ್ತೇನೆಂದು ಟೊಂಕ ಕಟ್ಟಿದಳು. ಮೊದಲ ಮಹಾಯುದ್ಧದ ಕಾಲದಲ್ಲಿ ಆ ನಾಡನ್ನು ಹಿಡಿದಿದ್ದ ಆಸ್ಟ್ರಿಯಾದವರು ಮಾಡಿದ ಜನಗಣತಿಯಲ್ಲಿ ಅಜ್ಜನ ಬೆಟ್ಟದ ಹಳ್ಳಿಯೂ ಇತ್ತು. ಆ ದಾಖಲೆಯಲ್ಲಿ ಹಳ್ಳಿಯ ಅಷ್ಟೂ ಮನೆ ಜಾಲಾಡಿದಳು. ಒಬ್ಬಳಾದರೂ ಟ್ರಿಂಗೆ ಇರಬೇಡವೇ? ಅಜ್ಜನ ಮನೆಯಲ್ಲಿದ್ದವರು ಇಬ್ಬರೇ: ಪುಟ್ಟ ಪ್ರೆಕ್, ಮತ್ತು ಅವನ ಅಣ್ಣ ಲುಲಾಶ್, ಗಂಡಸು, ಮನೆ ಯಜಮಾನ, ಅವಿವಾಹಿತ. ಅಣ್ಣನೊಬ್ಬ ಸಾಕಿದ, ತಮ್ಮನ ಮದುವೆಗೆ ಮೊದಲೇ ತೀರಿಕೊಂಡ ಎಂದಷ್ಟೇ ಅಜ್ಜಿ ಹೇಳಿದ್ದಳು.

ಕೊನೆಗೆ ಬಸ್ಸು ಹತ್ತಿ ಆ ಹಳ್ಳಿಗೇ ಹೋದಳು. ಊರಿನ ಹಿರಿಯ ಜೆಫ್ ಅವಳಿಗೂ ಒಂದು ಲೋಟ ರಾಕಿ ಸಾರಾಯಿ ಬಗ್ಗಿಸಿದ.

"ಜೆಫ್ ಮಾವ, ಲುಲಾಶ್ ಮನೇಲಿ ಟ್ರಿಂಗೆ ಅನ್ನೋಳು ಯಾರಾದ್ರೂ ಇದ್ಲಾ?"

ಮುದುಕ ನಕ್ಕು ನಕ್ಕು ಕೆಮ್ಮಿದ. "ಅಯ್ಯೋ ಮಂಕೇ, ಲುಲಾಶೇ ಟ್ರಿಂಗೆ! ನಮ್ಮವ್ವ ಹೇಳ್ತಿದ್ಲು. ಅಪ್ಪ ಅಮ್ಮ ಸತ್ತು, ಕೂಸು ತಮ್ಮ ಉಳ್ಕೊಂಡ. ಮನೆಗೆ ಗಂಡು ದಿಕ್ಕಿಲ್ಲ ಅಂತ ಹುಡುಗಿ ಹಿರಿಯರ ಮುಂದೆ ಆಣೆ ಇಟ್ಟು, ಕೂದಲು ಕತ್ತರಿಸ್ಕೊಂಡು ಗಂಡಸಾದ್ಲು. ಬಂದೂಕು ಹೊತ್ಲು, ಮದುವೆ ಬೇಡ ಅಂದ್ಲು. ಎಣಿಸೋಕೆ ಬಂದೋನಿಗೆ ಊರಿಗೆ ಊರೇ 'ಗಂಡಸು ಅಂತ ಬರ್ಕೊ' ಅಂತು. ಪಟ್ಟಣ ಸೇರಿ ನಮ್ಮ ಪದ್ಧತಿನೇ ಮರೆತ್ಯಾ?"

ಮರೆತಿರಲಿಲ್ಲ. ತನ್ನ ಮನೆಯಲ್ಲೇ ಅಂಥವರಿದ್ದರೆಂದು ಹೊಳೆದಿರಲಿಲ್ಲ, ಅಷ್ಟೇ.

"ಮತ್ತೆ ಅಜ್ಜ ಯಾಕೆ ಹೇಳ್ಲಿಲ್ಲ?"

"ಆಣೆ ಆದ್ಮೇಲೆ ಹಳೇ ಹೆಸರು ಎತ್ತೋದು ಅವರಿಗೆ ಅವಮಾನ ಕಣಮ್ಮ. ಜನ್ಮವಿಡೀ ಬಾಯಿ ಬಿಗಿ ಹಿಡಿದ. ಸಾಯೋವಾಗ ಸಾಕಿದ ಅಕ್ಕ ಕಣ್ಮುಂದೆ ಬಂದಿರ್ಬೇಕು, ಪಾಪ."

ಡ್ರಾಂಡೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಲೋಟವನ್ನು ಒಂದೇ ಗುಟುಕಿಗೆ ಮುಗಿಸಿದಳು.

ಮುಂದಿನ ಭಾನುವಾರ ಅಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಿ, ಆಚೀಚೆ ಇದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು: "ಅಜ್ಜೀ, ಮುನಿಸು ಸಾಕು, ಗಂಟುಮೂಟೆ ಕಟ್ಟು. ನಿನ್ನನ್ನ ಅಜ್ಜನ ಪಕ್ಕಕ್ಕೆ ಕರ್ಕೊಂಡು ಹೋಗೋಕೆ ಪಾದ್ರಿಗಳು ಒಪ್ಪಿದ್ದಾರೆ. ಆ ಟ್ರಿಂಗೆ ನಿನ್ನ ಸವತಿ ಅಲ್ಲ ಕಣೇ, ನಿನ್ನ ನಾದಿನಿ!"

ಹಾಗೆಂದವಳೇ ನಾಲಿಗೆ ಕಚ್ಚಿಕೊಂಡಳು.

"ಅಲ್ಲಲ್ಲ, ಭಾವ. ನಿನ್ನ ಭಾವ."